ದಸ್ತಿಯ ಕೆಳಗಿನ ಬೆಲೆ

ಕಲ್ಯಾಣ
2 ಜನವರಿ 1950

ಬಕ್ಕಪ್ಪ ಕಾಕಾ ಅವರಿಗೆ ಅಜೀಮುದ್ದೀನನ ಸಲಾಮು.

ನಾವೆಲ್ಲ ಕ್ಷೇಮ ಎಂದು ಬರೆದು ಕಾಗದ ಹಾಳುಮಾಡುವುದಿಲ್ಲ. ಅಮ್ಮಾ ಕ್ಷೇಮವಾಗಿದ್ದಾಳೆ, ನಾನಿಲ್ಲ. ನಿನ್ನೆಯಿಂದ ನನ್ನ ತಲೆ ಕುಲುಮೆಯಿಂದ ತೆಗೆದ ಕಬ್ಬಿಣವಾಗಿದೆ.

ನಿನ್ನೆ ಸಂತೆ. ಮುಡಬಿಯ ಇಬ್ಬರು ರೈತರು ನಮ್ಮ ಅಂಗಡಿಯ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು. ಇಬ್ಬರೂ ಹೋದ ತಿಂಗಳು ಹುಮನಾಬಾದದಲ್ಲಿ ನಿಮ್ಮ ಕೈಯಿಂದಲೇ ಕಬ್ಬಿಣದ ನೇಗಿಲು ಕೊಂಡವರು. ಒಂದೇ ಕಂಪನಿ, ಒಂದೇ ಅಚ್ಚು, ಸೊಲ್ಲಾಪುರದಿಂದ ಒಂದೇ ಲಾರಿಯಲ್ಲಿ ಬಂದ ನೇಗಿಲುಗಳು. ಮಾತಿಗೆ ಮಾತು ಬಂದು ಒಬ್ಬ ತಾನು ಕೊಟ್ಟ ಬೆಲೆ ಹೇಳಿದ. ಇನ್ನೊಬ್ಬ ಬಸಿಯನ್ನು ಕೆಳಗಿಟ್ಟ.

"ಖರೆ ಹೇಳಾಕತ್ತಿಯೇನು?"

"ನನ್ನ ಎತ್ತಿನ ಆಣಿ."

"ಹಂಗಾದ್ರ ನಾನು ಹುಚ್ಚ."

ಅವನು ನಿಜಾಮನ ಹಾಲಿ ಸಿಕ್ಕಾದಲ್ಲಿ ಹತ್ತು ರೂಪಾಯಿ ಹೆಚ್ಚು ಕೊಟ್ಟಿದ್ದ. ನನಗೆ ಆಘಾತವಾದದ್ದು ಅದರಿಂದಲ್ಲ. ಅವನು ಸಿಟ್ಟೇ ಮಾಡಲಿಲ್ಲ. ನಗುತ್ತ ನಮ್ಮ ಅಂಗಡಿಗೆ ಬಂದು, "ನಿಮ್ಮ ಸಾಹುಕಾರರ ಕೈ ಭಾಳ ಮೆತ್ತಗ ಅದರಿ. ದಸ್ತಿ ಕೆಳಗ ಬೆರಳು ಹಿಡದಾಗ ಕೊಯ್ದದ್ದು ಗೊತ್ತೇ ಆಗಲಿಲ್ಲ" ಎಂದ. ಮೋಸ ಹೋದವನು ಮೋಸದ ಕೈಚಳಕವನ್ನು ಹೊಗಳುತ್ತಾನೆ! ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ.

ಕಾಕಾ, ಕೈಬಟ್ಟೆಯ ದಸ್ತಿ ಹಾಸಿ, ಅದರ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ಬೆಲೆ ಕುದುರಿಸುವುದು ದನದ ಪೇಟೆಯ ಪದ್ಧತಿ. ಅಲ್ಲಿ ಅದಕ್ಕೆ ಅರ್ಥವಿದೆ. ಒಂದು ಎತ್ತಿನ ಹಾಗೆ ಇನ್ನೊಂದು ಎತ್ತು ಇರುವುದಿಲ್ಲ. ಆದರೆ ಒಂದು ನೇಗಿಲಿನ ಹಾಗೆ ಇನ್ನೊಂದು ನೇಗಿಲು ಇರುತ್ತದೆ. ಯಂತ್ರ ಹುಟ್ಟಿದ್ದೇ ಹಾಗೆ. ಹಾಗಿದ್ದ ಮೇಲೆ ಅದರ ಬೆಲೆಗೆ ಯಾಕೆ ಮುಸುಕು? ಸೊಲ್ಲಾಪುರದ ಗಿರಣಿ ಕಾರ್ಮಿಕರ ಕರಪತ್ರದಲ್ಲಿ ಓದಿದೆ: ಕತ್ತಲೆಯಲ್ಲಿ ಹುಟ್ಟಿದ ಬೆಲೆ ಬೆಳಕಿಗೆ ಅಂಜುತ್ತದೆ.

ಈ ತಿಂಗಳ ಇಪ್ಪತ್ತಾರಕ್ಕೆ ದೇಶ ಗಣರಾಜ್ಯವಾಗುತ್ತದೆ. ಅಂದು ನೀವು ನನಗೆ ವಹಿಸಿದ ಈ ಕಲ್ಯಾಣದ ಅಂಗಡಿಯ ಮುಂದೆ ಒಂದು ಹಲಗೆ ಹಾಕುತ್ತೇನೆ. ನೇಗಿಲು, ಬಾವಿಯಿಂದ ನೀರೆತ್ತುವ ಮೋಟು, ಕಣಿಕೆ ಕತ್ತರಿಸುವ ಯಂತ್ರ, ಕಬ್ಬಿನ ಗಾಣ, ಎಲ್ಲದರ ಬೆಲೆಯೂ ಅದರ ಮೇಲೆ ಇರುತ್ತದೆ, ಎಲ್ಲರಿಗೂ ಒಂದೇ. ಉರ್ದು ಶಾಲೆ ನನಗೆ ಕನ್ನಡ ಕಲಿಸಲಿಲ್ಲ. ನಿಮ್ಮ ಅಂಗಡಿಯ ಪೆಟ್ಟಿಗೆಗಳ ಮೇಲಿನ ಹೆಸರು ತಿದ್ದಿ ತಿದ್ದಿ ಕಲಿತೆ. ಆ ಅಕ್ಷರವನ್ನು ಒಂದು ಸತ್ಯಕ್ಕೆ ಬಳಸಲು ಅಪ್ಪಣೆ ಕೊಡಿ.

ನಿಮ್ಮ
ಅಜೀಮ್


ಹುಮನಾಬಾದ
8 ಜನವರಿ 1950

ಚಿರಂಜೀವಿ ಅಜೀಮನಿಗೆ ಬಕ್ಕಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ನಿನ್ನ ಪಾರ್ವತಿ ಕಾಕುಗೆ ಓದಿ ಹೇಳಿದೆ. "ಹುಡುಗಗ ಲಗ್ನ ಮಾಡ್ರಿ, ತಲಿ ತಣ್ಣಗಾಗ್ತದ" ಎಂದಳು. ನಾನು ಅಷ್ಟು ದೊಡ್ಡ ಔಷಧ ಹೇಳುವುದಿಲ್ಲ. ರಾತ್ರಿ ಕರಪತ್ರ ಓದುವುದು ಬಿಡು, ಸಾಕು.

ಮುಡಬಿಯ ಇಬ್ಬರಲ್ಲಿ ಒಬ್ಬ ಹತ್ತು ರೂಪಾಯಿ ಹೆಚ್ಚು ಕೊಟ್ಟ, ಸರಿ. ಅವನಿಗೆ ಮೂರು ಬಾವಿ ಇವೆ. ಕಡಿಮೆ ಕೊಟ್ಟವನಿಗೆ ಇರುವುದು ಒಂದೇ ಎತ್ತು, ಜೋಡಿಗೆ ಇನ್ನೊಬ್ಬರದನ್ನು ಬೇಡಿ ತರುತ್ತಾನೆ. ನಿನ್ನ ಕರಪತ್ರದವರು ಇದನ್ನು ಕೇಳಿದರೋ? ಎಲ್ಲರಿಗೂ ಒಂದೇ ಬೆಲೆ ಎಂದರೆ ನ್ಯಾಯ ಎಂದು ನಿನಗೆ ಯಾರು ಹೇಳಿದರು?

ಹಲಗೆ ಬೇಡ. ಬೆಲೆ ಹೊರಗೆ ಬಿದ್ದರೆ ಅದೊಂದೇ ಹೊರಗೆ ಬೀಳುವುದಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ. ಎಲ್ಲವೂ ನಾನು ಹೇಳಬಹುದಾದ ಮಾತಲ್ಲ.

ಇನ್ನೊಂದು ವಿಷಯ. ಹೆಂಗಸರು ಏನಾದರೂ ಕೊಳ್ಳಲು ಬಂದರೆ ಅಲ್ಲಿ ಬೆಲೆ ಮಾತಾಡಬೇಡ, ಇಲ್ಲಿಗೆ ಕಳಿಸು. ಗಂಡಸಿನ ದಸ್ತಿಯ ಕೆಳಗೆ ಹೆಂಗಸು ಕೈ ಇಡುವುದಿಲ್ಲ. ಅವರ ವ್ಯವಹಾರ ನಡೆಯುವುದು ಒಳಮನೆಯಲ್ಲಿ, ನಿನ್ನ ಕಾಕುವಿನ ಸೆರಗಿನ ಕೆಳಗೆ.

ಲಾರಿ ಬಂದಿದೆ. ಆರು ನೇಗಿಲು ಕಳಿಸುತ್ತೇನೆ. ಮಾರು.

ಬಕ್ಕಪ್ಪ


ಕಲ್ಯಾಣ
27 ಜನವರಿ 1950

ಕಾಕಾ,

ಅಪ್ಪಣೆ ಬರಲಿಲ್ಲ, ಹಲಗೆ ಬಂತು. ಸಿಟ್ಟಾಗಿ. ಆದರೆ ಮೊದಲು ನಿನ್ನೆ ಏನಾಯಿತು ಎಂದು ಕೇಳಿ, ಆಮೇಲೆ ಸಿಟ್ಟಾಗಿ.

ಬೆಳಿಗ್ಗೆ ಕೋಟೆಯ ಹತ್ತಿರ ಧ್ವಜ ಏರಿಸಿ ಜನ ಪೇಟೆಗೆ ಬರುವಷ್ಟರಲ್ಲಿ ನಾನು ಹಲಗೆಯ ಮೇಲಿನ ಗೋಣಿತಟ್ಟು ಎಳೆದೆ. ಕಂಪನಿಯ ಅಚ್ಚಾದ ದರ, ಅದಕ್ಕೆ ಲಾರಿ ಬಾಡಿಗೆ, ಅದರ ಮೇಲೆ ನಮ್ಮ ಲಾಭ ರೂಪಾಯಿಗೆ ಒಂದಾಣೆ. ಕೂಡಿಸಿ ಬಿಳಿ ಬಣ್ಣದಲ್ಲಿ ಬರೆದಿದ್ದೇನೆ. ನೇಗಿಲು ಮೂವತ್ತು. ಕಬ್ಬಿನ ಗಾಣ ಇನ್ನೂರ ನಲವತ್ತು. ಎಲ್ಲವೂ ಹಾಲಿ ಸಿಕ್ಕಾ ಎಂದು ಕೆಳಗೆ ಬರೆದೆ, ನಾಳೆ ಯಾರೂ ಭಾರತ ಸರಕಾರದ ಕಲ್ದಾರ್ ರೂಪಾಯಿಯ ಲೆಕ್ಕ ಎತ್ತಬಾರದು.

ಒಬ್ಬ ಮುದುಕ ಬಹಳ ಹೊತ್ತು ನೋಡಿ, "ಇದು ಸರಕಾರದವರು ಬರಿ ಅಂದದ್ದೇನ್ರಿ?" ಎಂದು ಕೇಳಿದ.

"ಇಲ್ಲ ಅಜ್ಜಾ, ನಾನೇ ಬರದೇನಿ."

"ಬೆಲಿ ಬರದ ಮ್ಯಾಲ ಅಂಗಡ್ಯಾಗ ಕುಂತು ಮಾತಾಡೋದೇನು ಉಳೀತು? ಚಹಾ ಆದರೂ ಕೊಡ್ತೀಯೋ, ಅದಕೂ ಬೆಲಿ ಬರದಿಯೋ?"

ಎಲ್ಲರೂ ನಕ್ಕರು. ಅವನಿಗೆ ಚಹಾ ಕುಡಿಸಿದೆ. ಸಂಜೆಯೊಳಗೆ ಎರಡು ನೇಗಿಲು ಹೋದವು, ಬೇರೆ ಬೇರೆ ಊರಿನವರಿಗೆ, ಒಂದೇ ಬೆಲೆಗೆ. ಒಬ್ಬನೂ ನನ್ನ ಬೆರಳು ಮುಟ್ಟಲಿಲ್ಲ.

ಬರೀ ಬೆಲೆ ಬರೆದರೆ ಜನ ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಪ್ರತಿ ಸಾಮಾನಿನ ಕೆಳಗೆ ಸೀಮೆಸುಣ್ಣದಲ್ಲಿ ಅದನ್ನು ಕೊಂಡವರ ಊರು, ಹೆಸರು ಬರೆದೆ. ಬೇಕಾದವರು ಹೋಗಿ ಕೇಳಿಕೊಳ್ಳಲಿ, ಸಾಮಾನು ಹೊಸದೋ ಅಲ್ಲವೋ ಎಂದು. ಗಾಣಕ್ಕೆ ಒಂದೇ ಹೆಸರು ಸಿಕ್ಕಿತು, ನಾರಾಯಣಪುರದ ಶೇವಂತಾಬಾಯಿ. ದೀಪಾವಳಿಯ ಮುಂದೆ ನಾನು ಹುಮನಾಬಾದಕ್ಕೆ ಬಂದಿದ್ದಾಗ ಆ ಗಾಣವನ್ನು ಗಾಡಿಗೆ ಏರಿಸಿದವರಲ್ಲಿ ನಾನೂ ಒಬ್ಬ. ಗಂಡನಿಲ್ಲದ ಹೆಂಗಸು ತನ್ನ ಹೊಲಕ್ಕೆ ಹೊಸ ಗಾಣ ತಂದಳು. ಗಣರಾಜ್ಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾರು? ಆಕೆಯ ಹೆಸರನ್ನು ಉಳಿದವರಿಗಿಂತ ದಪ್ಪಗೆ ಬರೆದೆ.

ಅಜೀಮ್


ಹುಮನಾಬಾದ
29 ಜನವರಿ 1950

ಅಜೀಮ,

ಟಪಾಲು ತಡವಾಗುತ್ತದೆ ಎಂದು ಈ ಚೀಟಿಯನ್ನು ನಬೀಸಾಬನ ಗಾಡಿಯಲ್ಲಿ ಕಳಿಸುತ್ತಿದ್ದೇನೆ. ಓದುತ್ತ ಕೂರಬೇಡ. ಎದ್ದು ಹೋಗಿ ಶೇವಂತಾಬಾಯಿಯ ಹೆಸರು ಒರೆಸು.

ಹಲಗೆ ಇರಲಿ. ಬೆಲೆ ಇರಲಿ. ನಿನ್ನ ಹಠವೂ ಇರಲಿ. ಆ ಒಂದು ಹೆಸರು ಇರಬಾರದು. ಕಾರಣ ಕೇಳಬೇಡ. ನಿನ್ನ ಕಾಕು ಆಕೆಯ ಕೈ ಹಿಡಿದು ಮಾತು ಕೊಟ್ಟಿದ್ದಾಳೆ.

ಬಕ್ಕಪ್ಪ


ಕಲ್ಯಾಣ
31 ಜನವರಿ 1950

ಕಾಕಾ,

ನಬೀಸಾಬ್ ಚೀಟಿ ಕೊಟ್ಟ. ಎರಡು ಸಲ ಓದಿದೆ. ಹೆಸರು ಒರೆಸಿಲ್ಲ.

ಹತ್ತು ಹೆಸರಿನಲ್ಲಿ ಒಂದು ಹೆಸರಿಗೆ ಮಾತ್ರ ನೀವು ಅಂಜುತ್ತೀರಿ. ಯಾಕೆ ಎಂದು ಯೋಚಿಸಿದೆ, ಉತ್ತರವೂ ಸಿಕ್ಕಿತು. ನಿನ್ನೆ ಆಕೆಯ ಗಂಡನ ಅಣ್ಣ ಏಕನಾಥ ಅಂಗಡಿಗೆ ಬಂದಿದ್ದ. ಅವನಿಗೆ ಓದಲು ಬರುತ್ತದೆ, ಆದರೂ ನನ್ನಿಂದ ಓದಿಸಿದ.

"ಅದು ಹಳೇ ಗಾಣ ಅಲ್ಲೇನೋ? ಗುಜರಿ ಬೆಲಿಗೆ ಬಂತು ಅಂತ ಹೇಳ್ಯಾಳ ಆಕಿ."

"ಹಳೇದಲ್ಲರಿ. ಅದರ ಎಣ್ಣಿ ಕಾಗದ ಬಿಚ್ಚಿದವ ನಾನೇ. ಹೊಚ್ಚ ಹೊಸದು."

"ಇನ್ನೂರ ನಲವತ್ತು?"

"ಹೌದ್ರಿ."

"ಇನ್ನೊಮ್ಮಿ ಓದು."

ಇನ್ನೊಮ್ಮೆ ಓದಿದೆ. ಅವನು ತಲೆದೂಗುತ್ತ ಹೋದ. ಅವನೂ ಒಂದು ಗಾಣ ಕೊಳ್ಳಬಹುದು ಎಂದು ನನಗನಿಸಿದೆ.

ಈಗ ನನಗೆ ಅರ್ಥವಾಯಿತು. ನೀವು ಆಕೆಗೆ ಹೊಸ ಗಾಣವನ್ನು ಗುಜರಿ ಬೆಲೆಗೆ ಕೊಟ್ಟಿದ್ದೀರಿ. ಅದು ಹೊರಗೆ ಬಿದ್ದರೆ ಉಳಿದವರು ನಿಮ್ಮನ್ನು ಕೇಳುತ್ತಾರೆ, ನಮಗೆ ಯಾಕಿಲ್ಲ ಎಂದು. ಅದೇ ಅಲ್ಲವೇ ನಿಮ್ಮ ಭಯ? ಕಾಕಾ, ದಯೆ ತೋರಿಸುವುದಿದ್ದರೆ ಅದನ್ನೂ ಬೆಳಕಿನಲ್ಲಿ ತೋರಿಸಿ. ಒಂದು ಹೆಸರು ಒರೆಸಿದರೆ ಹಲಗೆಯೇ ಸುಳ್ಳಾಗುತ್ತದೆ. ಕ್ಷಮಿಸಿ, ಒರೆಸುವುದಿಲ್ಲ.

ಅಜೀಮ್


ಕಲ್ಯಾಣ
6 ಫೆಬ್ರವರಿ 1950

ಕಾಕಾ,

ಒರೆಸಿದ್ದೇನೆ. ಅಂಗಿಯ ತೋಳಿನಿಂದ ಒರೆಸಿದೆ. ಆರು ದಿನ ತಡವಾಗಿ ಒರೆಸಿದೆ.

ಈ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಕಟ್ಟೆಯ ಮೇಲೆ ಶೇವಂತಾಬಾಯಿ ಕುಳಿತಿದ್ದಳು. ನಾರಾಯಣಪುರದಿಂದ ನಡೆದು ಬಂದಿದ್ದಳು. ಪಕ್ಕದಲ್ಲಿ ಒಂದು ಬಟ್ಟೆಯ ಗಂಟು. ಬಲಗೈ ಮಣಿಕಟ್ಟು ಬಾತು ಹಸಿರಾಗಿತ್ತು. ಸೊಂಟಕ್ಕೆ ಸಿಕ್ಕಿಸಿದ್ದ ಒಂದು ಕಬ್ಬಿಣದ ಕೀಲು ತೆಗೆದು ನನ್ನ ಮುಂದೆ ಇಟ್ಟಳು. ಗಾಣದ ನಡುಗೀಲು. ಅದಿಲ್ಲದೆ ಗಾಣ ತಿರುಗುವುದಿಲ್ಲ.

"ಹಲಗಿ ಬರದವ ನೀನೇನು?"

"ಹೌದ್ರಿ, ಮೌಶಿ."

"ಬೆಲಿ ನಿಮ್ಮದು. ಬರಕೋರಿ, ಮೂಗಿನ ಮ್ಯಾಲ ಬರಕೋರಿ. ಹೆಸರು ನಂದು. ಯಾರ್ನ ಕೇಳಿ ಬರದಿ?"

ಕಾಕಾ, ನನ್ನ ಪೆಟ್ಟಿಗೆಯಲ್ಲಿ ಮೂವತ್ತು ಕರಪತ್ರಗಳಿವೆ. ಈ ಪ್ರಶ್ನೆಗೆ ಒಂದರಲ್ಲೂ ಉತ್ತರವಿಲ್ಲ.

ಅಮ್ಮಾ ಬಂದು ಆಕೆಯನ್ನು ನೆರಳಿಗೆ ಕರೆದಳು. ಆಮೇಲೆ ಆಕೆ ಹೇಳಿದ್ದನ್ನು ಬರೆಯುತ್ತೇನೆ. ನಿಮಗೆ ಎಲ್ಲ ಗೊತ್ತಿರಬಹುದು, ಆದರೂ ಬರೆಯುತ್ತೇನೆ.

ಆಕೆಗೆ ತವರಿನಿಂದ ಬಂದ ಒಂದು ಪುತಳಿ ಸರ ಇತ್ತು, ಹನ್ನೆರಡು ಬಂಗಾರದ ಪುತಳಿ ನಾಣ್ಯ ಪೋಣಿಸಿದ್ದು. ಗಂಡ ಸತ್ತ ಮೇಲೆ ಮನೆಯವರ ಕಣ್ಣು ಅದರ ಮೇಲೆ ಬಿತ್ತು. ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ವಾರ ಊರಿಗೆ ಊರೇ ಹೊಲಗಳಿಗೆ ಓಡಿದಾಗ ಆಕೆ ಅದನ್ನು ಹೊಟ್ಟಿನ ಗಡಿಗೆಯಲ್ಲಿ ಹುಗಿದಿಟ್ಟು, ದಾರಿಯಲ್ಲಿ ಬಿದ್ದುಹೋಯಿತು ಎಂದಳು. ನಂಬಿದರು. ಒಂದು ವರ್ಷದ ಮೇಲೆ ಗಡಿಗೆಯಿಂದ ತೆಗೆದು ನಿಮ್ಮ ಮನೆಗೆ ತಂದಳು. ಗಾಣ ಬಂತು. ಮನೆಯಲ್ಲಿ ಹಳೆಯದು ಎಂದಳು. ಈ ಹಂಗಾಮಿನಲ್ಲಿ ಊರವರ ಕಬ್ಬನ್ನೂ ಬಾಡಿಗೆಗೆ ಅರೆದು, ಮೊದಲ ಸಲ ಯಾರ ಮುಂದೆಯೂ ಕೈಯೊಡ್ಡದೆ ಉಣ್ಣುತ್ತಿದ್ದಳು.

ನಾನು ಏಕನಾಥನಿಗೆ ಎರಡು ಸಲ ಓದಿ ಹೇಳಿದೆನಲ್ಲ, ಅಂದೇ ಸಂಜೆ ಅವನು ಕೇಳಿದ, ಇನ್ನೂರ ನಲವತ್ತು ಎಲ್ಲಿಂದ ತಂದಿ ಎಂದು. ಆಮೇಲಿನದು ಆ ಮಣಿಕಟ್ಟಿನ ಮೇಲಿದೆ. ಐದು ದಿನ ಕೋಣೆಯಲ್ಲಿ ಕೂಡಿಹಾಕಿದರು, ಉಳಿದ ಬಂಗಾರ ಎಲ್ಲಿ ಎಂದು ಕೇಳುತ್ತ. ಉಳಿದದ್ದು ಇರಲಿಲ್ಲ. ಮನೆಯ ಬಂಗಾರ ಕದ್ದವಳು ಎಂದು ನಿನ್ನೆ ಹೊರಗೆ ಹಾಕಿದರು. ಹೊರಡುವಾಗ ಆಕೆ ಹಿತ್ತಲಿಗೆ ಹೋಗಿ ಗಾಣದ ಕೀಲು ಕಿತ್ತುಕೊಂಡಳು.

ಇಷ್ಟು ಹೇಳಿ ಆಕೆ ನನ್ನನ್ನು ಕೇಳಿದಳು:

"ಗಾಣಕ್ಕ ಎಷ್ಟಂತ ಬರದಿ ಹಲಗಿ ಮ್ಯಾಲ?"

"ಇನ್ನೂರ ನಲವತ್ತು ಹಾಲಿ."

"ಅದು ಎಷ್ಟು ಪುತಳಿ ಆತು?"

ನನಗೆ ತಿಳಿಯಲಿಲ್ಲ. ಪಕ್ಕದ ಅಂಗಡಿಯ ಅಕ್ಕಸಾಲಿ ದಿಗಂಬರನನ್ನು ಕರೆದೆ. ಅವನು ಸರದ ತೂಕ ಕೇಳಿ, ಬೆರಳು ಮಡಿಚಿ, "ಆರು ಪುತಳಿಗಿ ಗಾಣ ಬರ್ತದ" ಎಂದ. ಆಕೆ ಹಲಗೆಯ ಕಡೆ ನೋಡುತ್ತ, "ನಾನು ಹನ್ನೆರಡೂ ಕೊಟ್ಟೆ" ಎಂದಳು.

ಗುಜರಿ ಬೆಲೆಗೆ ಕೊಟ್ಟಿರಿ ಎಂದು ನಾನು ನಿಮಗೆ ಬರೆದಿದ್ದೆ. ನಿಮ್ಮ ದಯೆಯನ್ನು ಬೆಳಕಿಗೆ ತನ್ನಿ ಎಂದೂ ಬರೆದಿದ್ದೆ. ಆ ಕಾಗದ ನಿಮ್ಮ ಹತ್ತಿರವಿದ್ದರೆ ಹರಿದುಹಾಕಿ.

ಆರು ಪುತಳಿಗೆ ಗಾಣ ಬಂತು ಕಾಕಾ. ಉಳಿದ ಆರಕ್ಕೆ ನೀವು ಆಕೆಗೆ ಏನು ಕೊಟ್ಟಿರಿ?

ಅಜೀಮ್


ಹುಮನಾಬಾದ
11 ಫೆಬ್ರವರಿ 1950

ಅಜೀಮ,

ನೀನು ಕೇಳಿದ್ದಕ್ಕೆ ಉತ್ತರ: ಗುಟ್ಟು ಕೊಟ್ಟೆ.

ಅದಕ್ಕೂ ಖರ್ಚಿದೆ. ಡಿಸೆಂಬರಿನಲ್ಲಿ ಏಕನಾಥ ನನ್ನ ಅಂಗಡಿಗೂ ಬಂದಿದ್ದ. ಹತ್ತು ವರ್ಷದ ಗಿರಾಕಿ. ಅವನ ಕಣ್ಣಲ್ಲಿ ಕಣ್ಣಿಟ್ಟು, ಹಳೆಯ ಗಾಣ, ಗುಜರಿ ಬೆಲೆ ಎಂದು ಹೇಳಿದವನು ನಾನು. ನಾಳೆ ಅವನು ಪಂಚರ ಮುಂದೆ ನಿಲ್ಲಿಸಿದರೆ ಸುಳ್ಳ ಎನಿಸಿಕೊಳ್ಳುವವನು ನಾನು. ಲಾರಿಗೆ ಬಾಡಿಗೆ ಕೊಡುತ್ತೇವೆ. ಸುಳ್ಳು ಹೊರುವ ಬಾಯಿಗೆ ಬಾಡಿಗೆ ಬೇಡವೇ? ಆಕೆ ಒಪ್ಪಿ ಕೊಟ್ಟಳು. ಆ ಗುಟ್ಟು ನನ್ನ ಹತ್ತಿರ ಮೂರು ತಿಂಗಳು ಕೆಡದೆ ಇತ್ತು. ನಿನ್ನ ಹಲಗೆಯ ಮೇಲೆ ಒಂದು ವಾರವೂ ಉಳಿಯಲಿಲ್ಲ.

ನೀನು ನನಗೆ ಬೆಳಕು, ಕತ್ತಲೆ ಎಂದು ಪಾಠ ಹೇಳುತ್ತೀ. ಪೊಲೀಸ್ ಆಕ್ಷನ್ ಆದ ವಾರ ನಿನ್ನನ್ನೂ ನಿನ್ನ ತಾಯಿ ಸರ್ದಾರಬಿಯನ್ನೂ ನನ್ನ ಗೋದಾಮಿನಲ್ಲಿ, ಮೋಟಿನ ತಗಡುಗಳ ಹಿಂದೆ ಕೂರಿಸಿದ್ದೆ. ಮುಸಲ್ಮಾನರನ್ನು ಹುಡುಕುತ್ತ ಕೈಯಲ್ಲಿ ಕೊಡಲಿ ಹಿಡಿದು ಬಾಗಿಲಿಗೆ ಬಂದವರು ನನ್ನ ಗುರುತಿನವರೇ. ಒಳಗೆ ಕಬ್ಬಿಣ ಬಿಟ್ಟರೆ ಏನೂ ಇಲ್ಲ ಎಂದೆ. ಆಗ ನಿನಗೆ ಮುಸುಕು ಪಾಪವಾಗಿ ಕಾಣಲಿಲ್ಲ. ಆಗಲೂ ಒಂದು ಹಲಗೆ ಬರೆದು ತೂಗುಹಾಕಬೇಕಿತ್ತು, ಒಳಗೆ ಇರುವವರ ಹೆಸರು, ಊರು.

ಕಾಗದ ಇಲ್ಲಿಗೆ ಸಾಕು.

ಬಕ್ಕಪ್ಪ


ಕಲ್ಯಾಣ
14 ಫೆಬ್ರವರಿ 1950

ಕಾಕಾ,

ನಿಮ್ಮ ಕಾಗದ ಓದಿದೆ. ಅಮ್ಮಾಗೆ ಓದಿ ಹೇಳಲಿಲ್ಲ.

ನಿಮ್ಮ ಮಾತು ನಿಜ. ಆ ತಗಡುಗಳ ಹಿಂದೆ ನಾನು ಮೂರು ದಿನ ಬದುಕಿದ್ದು ನಿಮ್ಮ ಸುಳ್ಳಿನಿಂದ. ಆದರೆ ಆ ಮೂರನೆಯ ದಿನ ಇನ್ನೊಂದು ಮಾತೂ ನಡೆಯಿತು. ನಿಮಗೆ ಮರೆತಿರಬಹುದು, ನಾನು ತಗಡಿನ ಸಂದಿಯಿಂದ ನೋಡಿದ್ದೆ. ಅಮ್ಮಾ ತನ್ನ ಬೆಳ್ಳಿ ಕಡಗ ಬಿಚ್ಚಿ ನಿಮ್ಮ ಮುಂದೆ ಹಿಡಿದಳು. ನೀವು ಅವಳ ಕೈಯನ್ನು ಹಿಂದಕ್ಕೆ ತಳ್ಳಿ, "ಇದಕ್ಕ ಬೆಲಿ ಇಲ್ಲವ್ವಾ, ತಂಗಿ. ಹಾಕ್ಕೋ" ಎಂದಿರಿ.

ನಮ್ಮನ್ನು ಮುಚ್ಚಿಟ್ಟದ್ದಕ್ಕೆ ನೀವು ಬೆಲೆ ಕೇಳಲಿಲ್ಲ. ಆಕೆಯಿಂದ ಯಾಕೆ ಕೇಳಿದಿರಿ?

ನನ್ನ ತಪ್ಪು ನನ್ನ ಎದುರಿಗೇ ಇದೆ, ಅಂಗಡಿಯ ಹಿಂದಿನ ಛಪ್ಪರದಲ್ಲಿ. ಆಕೆ ನಮ್ಮ ಒಲೆಯ ಅಡುಗೆ ಉಣ್ಣುವುದಿಲ್ಲ. ಅಮ್ಮಾ ಕೊಟ್ಟ ಜೋಳದ ಹಿಟ್ಟನ್ನು ಮೂರು ಕಲ್ಲು ಹೂಡಿ ತಾನೇ ಎಡಗೈಯಿಂದ ತಟ್ಟಿಕೊಳ್ಳುತ್ತಾಳೆ. ನನ್ನ ಹತ್ತಿರ ಮಾತಾಡುವುದಿಲ್ಲ. ಕೀಲನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ.

ಅಜೀಮ್


ಹುಮನಾಬಾದ
9 ಮಾರ್ಚ್ 1950

ಅಜೀಮ,

ಈ ಚೀಟಿ ತಂದವಳು ನಿನ್ನ ಪಾರ್ವತಿ ಕಾಕು. ಬೇಡವೆಂದರೂ ಕೇಳದೆ ನಬೀಸಾಬನ ಗಾಡಿ ಏರಿದ್ದಾಳೆ.

ಒಂದು ತಿಂಗಳಿಂದ ನಮ್ಮ ಮನೆಯಲ್ಲಿ ಮಾತಿಲ್ಲ. ತಾಟು ಇಡುತ್ತಾಳೆ, ನೀರು ಇಡುತ್ತಾಳೆ, ಒಳಗೆ ಹೋಗುತ್ತಾಳೆ. ನಾನು ನಿನ್ನ ಕೊನೆಯ ಕಾಗದವನ್ನು ಓದಿ ಹೇಳಲಿಲ್ಲ. ಆಕೆ ಅದನ್ನು ಬೇರೆ ಯಾರಿಂದಲೋ ಓದಿಸಿದಳು. ಅಂದು ಒಂದೇ ಮಾತು ಆಡಿದಳು. "ನಾ ಸೆರಗಿನ ಕೆಳಗ ಆರು ಬೆರಳಿಗಿ, ಆರು ಪುತಳಿಗಿ, ಆಕಿನ್ನ ಒಪ್ಪಿಸಿ ಬಂದಿದ್ದೆ. ಬಾಗಲ ಮರಿಯಾಗ ನಿಂತು ಹನ್ನೆರಡು ಕೇಳು ಅಂದವರು ನೀವು. ನನ್ನ ಕೈಲೆ ಕೇಳಿಸಿದ್ರಿ." ಅದು ನಿಜ.

ಶೇವಂತಾಬಾಯಿಗೆ ಹಿಂದಕ್ಕೆ ಕೊಡಲು ಆರು ಪುತಳಿ ನಿನ್ನ ಕಾಕುವಿನ ಹತ್ತಿರ ಇವೆ. ಎರಡನ್ನು ನಾನು ಕರಗಿಸಿದ್ದೆ, ಅದಕ್ಕೆ ಬದಲು ಬೇರೆ ಕೊಂಡು ಸೇರಿಸಿದ್ದೇನೆ. ಅಚ್ಚು ಸ್ವಲ್ಪ ಬೇರೆ ಕಾಣುತ್ತದೆ, ತೂಕ ಸರಿ ಇದೆ. ದಿಗಂಬರನಿಂದ ತೂಗಿಸಿ ನೋಡಿಕೊಳ್ಳಲು ಶೇವಂತಾಬಾಯಿಗೆ ಹೇಳು.

ಗಂಟಿನಲ್ಲಿ ನನ್ನ ದಸ್ತಿ ಇದೆ. ಹಲಗೆ ಒರೆಸಲು ಅಂಗಿಯ ತೋಳು ಯಾಕೆ ಹೊಲಸು ಮಾಡಿಕೊಳ್ಳುತ್ತೀ? ನಾನೂ ಹುಮನಾಬಾದದಲ್ಲಿ ಹಲಗೆ ಹಾಕುತ್ತೇನೆ ಎಂದು ತಿಳಿಯಬೇಡ. ನೇಗಿಲಿಗಾದರೂ ಹಾಕಬಹುದು ಎಂದು ಒಂದು ದಿನ ಅನಿಸಿತು. ಮರುದಿನ ಒಂದೇ ಎತ್ತಿನವನು ಬಂದ, ಅನಿಸಲಿಲ್ಲ. ನನ್ನ ಹತ್ತಿರ ಇನ್ನೊಂದು ದಸ್ತಿ ಇದೆ.

ಬಕ್ಕಪ್ಪ


ಕಲ್ಯಾಣ
16 ಮಾರ್ಚ್ 1950

ಬಕ್ಕಪ್ಪ ಕಾಕಾ ಅವರಿಗೆ,

ಕಾಕು ನಾಳೆ ಹೊರಡುತ್ತಾಳೆ. ಅವಳು ನಿಮಗೆ ಹೇಳುತ್ತಾಳೋ ಇಲ್ಲವೋ, ಅದಕ್ಕೇ ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊನ್ನೆ ಕಾಕು, ಶೇವಂತಾಬಾಯಿ, ಅಮ್ಮಾ, ನಾನು ನಾಲ್ವರೂ ನಾರಾಯಣಪುರಕ್ಕೆ ಹೋದೆವು. ಗುಡಿಯ ಕಟ್ಟೆಯ ಮೇಲೆ ಊರಿನ ಹಿರಿಯರು ಕುಳಿತರು. ಏಕನಾಥನೂ ಬಂದ. ಕಾಕು ಸೆರಗು ತಲೆಯ ಮೇಲೆ ಎಳೆದುಕೊಂಡು ಎಲ್ಲರಿಗೂ ಕೇಳುವ ಹಾಗೆ, ಆ ಸರ ಶೇವಂತಾಬಾಯಿಯ ತಾಯಿ ಕೊಟ್ಟದ್ದು, ಅದರಿಂದ ಗಾಣ ಬಂತು, ಗಾಣದ ಬೆಲೆ ಹೋಗಿ ಆರು ಪುತಳಿ ನಮ್ಮ ಹತ್ತಿರ ಉಳಿದಿದ್ದವು ಎಂದಳು. "ಉಳಿದಿದ್ದವು" ಎಂದೇ ಹೇಳಿದಳು. ನಿಮ್ಮ ಹೆಸರು ಎತ್ತಲಿಲ್ಲ. ಆ ಆರನ್ನೂ ಅಲ್ಲೇ ಶೇವಂತಾಬಾಯಿಯ ಮಡಿಲಿಗೆ ಹಾಕಿದಳು.

ಏಕನಾಥ ಎದ್ದು ನಿಂತ. "ಸರ ಯಾರದರೆ ಇರಲಿ. ಗಾಣ ನಮ್ಮ ಹಿತ್ತಲದಾಗ ಅದ, ಮನೀ ಗಾಣ ಅದು."

ಹಿರಿಯರಲ್ಲಿ ಒಬ್ಬ ಎಲೆ ಅಡಿಕೆ ಉಗುಳಿ ಬಂದು ಕೇಳಿದ: "ಯಾಕೋ, ಒಂದ ತಿಂಗಳಿಂದ ಊರ ತುಂಬ ಸಾರಾಕತ್ತೀದಿ, ಕಲ್ಯಾಣದ ಹಲಗಿ ಮ್ಯಾಲ ಗಾಣಕ್ಕ ಆಕಿ ಹೆಸರು ಬರದಾರ, ನಾನೇ ಕಣ್ಣಾರೆ ಓದೇನಿ ಅಂತ. ಈಗ ಮನೀದು ಹ್ಯಾಂಗ ಆತು?"

ಕಟ್ಟೆಯ ಮೇಲೆ ನಗು ಎದ್ದಿತು. ಏಕನಾಥ ಮುಖ ತಿರುಗಿಸಿ, "ಒಯ್ಲಿ. ಕೀಲಿಲ್ಲದ ಗಾಣ, ದನಾ ಕಟ್ಟಾಕ ಬರ್ತಿತ್ತು" ಎಂದ. ಶೇವಂತಾಬಾಯಿ ಸೊಂಟದಿಂದ ಕೀಲು ತೆಗೆದು ತೋರಿಸಿದಳು, ಮತ್ತೆ ಸಿಕ್ಕಿಸಿಕೊಂಡಳು.

ನಾನು ಗೆದ್ದೆ ಎಂದು ಬರೆಯುತ್ತಿಲ್ಲ. ಆಕೆಯ ಕಬ್ಬು ನಿಂತಲ್ಲೇ ಒಣಗಿ ಕಟ್ಟಿಗೆಯಾಗಿದೆ. ಆಕೆ ಆ ಮನೆಗೆ ಮತ್ತೆ ಹೋಗುವಂತಿಲ್ಲ. ಮಣಿಕಟ್ಟು ಇನ್ನೂ ಪೂರ್ತಿ ತಿರುಗುವುದಿಲ್ಲ. ಇಷ್ಟಕ್ಕೆಲ್ಲ ನಾನು ದಪ್ಪಗೆ ಬರೆದ ಒಂದು ಸಾಲು ಸಾಕಾಯಿತು. ಬೆಲೆಗಳನ್ನು ಹಲಗೆಯ ಮೇಲೆ ಹಾಗೇ ಇಟ್ಟಿದ್ದೇನೆ ಕಾಕಾ, ಅದರಲ್ಲಿ ನಾನು ಬಗ್ಗುವುದಿಲ್ಲ. ಆ ಹಲಗೆ ಇಲ್ಲದಿದ್ದರೆ ಹನ್ನೆರಡರಲ್ಲಿ ಆರು ತನ್ನವು ಎಂದು ಆಕೆಗೆ ಎಂದೂ ತಿಳಿಯುತ್ತಿರಲಿಲ್ಲ. ಹೆಸರುಗಳನ್ನು ಮಾತ್ರ ಎಲ್ಲವನ್ನೂ ಒರೆಸಿದೆ, ನಿಮ್ಮ ದಸ್ತಿಯಿಂದ. ಒಂದೇ ಎತ್ತಿನವನಿಗೆ ಏನು ಮಾಡಬೇಕು ಎಂಬುದು ನನಗೆ ಇನ್ನೂ ಹೊಳೆದಿಲ್ಲ. ಹೊಳೆದರೆ ಬರೆಯುತ್ತೇನೆ. ನಿಮಗೆ ಹೊಳೆದರೆ ನೀವು ಬರೆಯಿರಿ.

ಗಾಣ ಈಗ ನಮ್ಮ ಅಂಗಡಿಯ ಪಕ್ಕದ ಬಯಲಿನಲ್ಲಿದೆ. ಹಂಗಾಮು ಮುಗಿಯುತ್ತ ಬಂದರೂ ಸುತ್ತಲಿನ ಹೊಲಗಳಲ್ಲಿ ಇನ್ನೂ ಅಷ್ಟಿಷ್ಟು ಕಬ್ಬು ನಿಂತಿದೆ. ಇಂದು ಬೆಳಿಗ್ಗೆ ಶೇವಂತಾಬಾಯಿ ಕೀಲು ಹಾಕಿ, ಎಣ್ಣೆ ಬಿಟ್ಟು, ಒಂದು ಸುತ್ತು ತಿರುಗಿಸಿ ನೋಡಿದಳು. ಆಮೇಲೆ ನೇರ ನನ್ನ ಹತ್ತಿರ ಬಂದಳು. ಒಂದು ತಿಂಗಳಲ್ಲಿ ನನಗೆ ಆಡಿದ ಮೊದಲ ಮಾತು ಇದು:

"ಹಲಗಿ ಮ್ಯಾಲ ಜಾಗಾ ಅದ ಏನು?"

"ಅದರಿ, ಮೌಶಿ. ಏನು ಬರೀಲಿ?"

"ನನ್ನ ಹೆಸರು."

ನನ್ನ ಕೈಯಲ್ಲಿದ್ದ ಸುಣ್ಣದ ಕಡ್ಡಿ ಮುರಿಯಿತು. "ಖರೇನ ಬರೀಲೇನ್ರಿ?"

"ಅವತ್ತ ಕೇಳಲಾರದ ಬರದಿ. ಇವತ್ತ ನಾನಾಗೇ ಬಂದು ಬರಿ ಅಂದ್ರ ಅಂಜಾಕತ್ತಿ. ಬರಿಯೋ. ಶೇವಂತಾಬಾಯಿ ಗಾಣ. ಕೊಪ್ಪರಿಗಿ ರಸಕ್ಕ ಒಂದೂವರಿ ರೂಪಾಯಿ ಹಾಲಿ."

ಬರೆದೆ. ಕಡ್ಡಿ ಎತ್ತದೆ ಕೇಳಿದೆ: "ಎಲ್ಲಾರಿಗೂ ಅಷ್ಟೇ ಏನ್ರಿ?"

ಆಕೆ ಕೈಗೆ ಹತ್ತಿದ ಗಾಣದ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು.

"ಎಲ್ಲಾರಿಗೂ ಅಷ್ಟೇ. ನಾಳೆ ಏಕನಾಥ ಕಬ್ಬು ಹೊತ್ಕೊಂಡು ಬಂದ್ರ ಅವಗೂ ಅಷ್ಟೇ."

ಅದನ್ನೂ ಬರೆಯಲೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವನ ಹೆಸರು ಅವನದು.

ನಿಮ್ಮ ದಸ್ತಿ ಸುಣ್ಣ ತಾಗಿ ಬೆಳ್ಳಗಾಗಿದೆ ಕಾಕಾ. ಹಲಗೆಯ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ. ಒಗೆದು ವಾಪಸು ಕಳಿಸುವುದಿಲ್ಲ.

ನಿಮ್ಮ
ಅಜೀಮ್